ಕೂಲರಿನ ಸದ್ದೂ ರಾತ್ರಿಯ ನಿದ್ದೆಯೂ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ವೈದ್ಯಶಾಸ್ತ್ರವು ಈ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಮನುಷ್ಯ ನಿದ್ರಿಸಿದರೂ ಅವನ ಕಿವಿ ಎಚ್ಚರವಾಗಿಯೇ ಇರುತ್ತದೆ. ಸದ್ದಿನಿಂದ ಕಣ್ಣು ತೆರೆಯದಿದ್ದರೂ ಹೃದಯದ ಬಡಿತ ತುಸು ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಗಾಢನಿದ್ರೆ ತೆಳುವಾಗುತ್ತದೆ. ಮಲಗುವ ಕೋಣೆಯಲ್ಲಿ ಎಡೆಬಿಡದ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಸಲಹೆ ನೀಡಿತು. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ 45 ಡೆಸಿಬಲ್‌ಗಳ ಮಿತಿಯನ್ನು ಹಾಕಿವೆ. ಇಬ್ಬರು ಸಾಮಾನ್ಯವಾಗಿ ಮಾತನಾಡುವ ಸದ್ದು ಸುಮಾರು 60 ಡೆಸಿಬಲ್ ಇರುತ್ತದೆ. ಹೈದರಾಬಾದಿನ ಏಪ್ರಿಲ್-ಮೇ ತಿಂಗಳುಗಳ ರಾತ್ರಿಯಲ್ಲಿ ತಲೆಯ ಪಕ್ಕದಲ್ಲೇ ತಗಡಿನ ಕೂಲರ್ ಗುಡುಗುವ ಮನೆಗಳಲ್ಲಿ ಈ ಮಿತಿಗಳೆಲ್ಲ ಕಾಗದದ ಮೇಲೆಯೇ ಉಳಿಯುತ್ತವೆ.

ಈ ಸದ್ದನ್ನು ತಾಳಲಾರದೆ ನಡುರಾತ್ರಿ ಎದ್ದು ಕೂಲರನ್ನು ನಿಲ್ಲಿಸಿಬಿಡುವ ಹಿರಿಯರು ಅನೇಕರಿದ್ದಾರೆ. ಸೆಕೆಯ ಹಾನಿ ಸದ್ದಿನ ಹಾನಿಗಿಂತ ದೊಡ್ಡದು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ, ಬೆವರುವ ಶಕ್ತಿಯೂ ಕಡಿಮೆಯಾಗುತ್ತದೆ. ಹಸುಗೂಸುಗಳಿಗೂ ಹೃದ್ರೋಗಿಗಳಿಗೂ ಇದೇ ಅಪಾಯ. 2015ರ ಮೇ ತಿಂಗಳ ಬಿಸಿಗಾಳಿಗೆ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಬಲಿಯಾದರು; ಅವರಲ್ಲಿ ಬಹುಪಾಲು ತೆಲಂಗಾಣ ಮತ್ತು ಆಂಧ್ರಪ್ರದೇಶದವರು. ಆದುದರಿಂದ ಕೂಲರನ್ನು ನಿಲ್ಲಿಸದೆ ಅದರ ಸದ್ದನ್ನು ಅಡಗಿಸುವ ಬಗೆಯನ್ನು ತಿಳಿಯುವುದು ಆರೋಗ್ಯದ ದೃಷ್ಟಿಯಿಂದ ಅವಶ್ಯಕ.

ಯಂತ್ರದ ಮರ್ಮ

ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದ ನಮ್ಮವರಿಗೆ ಕೂಲರ್ ಚಿರಪರಿಚಿತ. ಮೈಸೂರು ಕಡೆಯಿಂದ ಬಂದವರಿಗೆ ಇಲ್ಲಿಗೆ ಬಂದ ಮೇಲೆ ಆದ ಪರಿಚಯ. ಮಂಗಳೂರಿನಂತಹ ಕರಾವಳಿಯ ಊರುಗಳಲ್ಲಿ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಏಕೆಂದರೆ ಕೂಲರ್ ಒಣಗಾಳಿಯನ್ನು ನಂಬಿ ಕೆಲಸ ಮಾಡುವ ಯಂತ್ರ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 20ರಷ್ಟು ತೇವಾಂಶ ಇದ್ದಾಗ ಒಳ್ಳೆಯ ಕೂಲರಿನಿಂದ ಬರುವ ಗಾಳಿ ಸುಮಾರು 26 ಡಿಗ್ರಿಗೆ ಇಳಿದಿರುತ್ತದೆ. ನಮ್ಮ ಹಿರಿಯರು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ತಟ್ಟಿಯ ತತ್ತ್ವವೂ ಇದೇ. ತಟ್ಟಿಗೆ ಸದ್ದಿರಲಿಲ್ಲ; ಅದಕ್ಕೆ ಫ್ಯಾನು, ಪಂಪು, ತಗಡಿನ ಪೆಟ್ಟಿಗೆ ಸೇರಿದ ಮೇಲೆ ಸದ್ದೂ ಸೇರಿಕೊಂಡಿತು.

ಗಾಳಿಗೆ ಹೊರದಾರಿ ಬೇಕು

ಕೂಲರ್ ಹಾಕಿದೊಡನೆ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚುವ ಅಭ್ಯಾಸ ಹಲವು ಮನೆಗಳಲ್ಲಿದೆ. ತಂಪು ಹೊರಗೆ ಹೋದೀತೆಂಬ ಭಾವನೆ ಇದಕ್ಕೆ ಕಾರಣ. ಇದು ಹವಾನಿಯಂತ್ರಣ ಯಂತ್ರಕ್ಕೆ ಒಪ್ಪುವ ರೀತಿ, ಕೂಲರಿಗೆ ಒಪ್ಪುವುದಿಲ್ಲ. ಕೋಣೆಯೊಳಗಿನ ಗಾಳಿ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರಲು ಸ್ಥಳವಿರುವುದಿಲ್ಲ. ಫ್ಯಾನು ಒತ್ತಡದ ವಿರುದ್ಧ ಹೆಣಗುತ್ತದೆ, ಸದ್ದು ಹೆಚ್ಚುತ್ತದೆ, ತೇವ ತುಂಬಿ ಮೈ ಅಂಟತೊಡಗುತ್ತದೆ.

ಹೆಣ್ಣುಮಕ್ಕಳ ಬಾಣಂತನಕ್ಕೆಂದು ಚಳಿಗಾಲದಲ್ಲಿ ನ್ಯೂಯಾರ್ಕಿನ ಕಡೆಗೆ ಹೋಗಿಬಂದ ದಂಪತಿಗಳು ಅಲ್ಲಿನ ಹಳೆಯ ಮನೆಗಳ ರೇಡಿಯೇಟರುಗಳ ಬುಸುಗುಟ್ಟುವಿಕೆಯನ್ನು ಕೇಳಿರಬಹುದು. ಅಲ್ಲಿ ನೆಲಮಾಳಿಗೆಯ ಬಾಯ್ಲರಿನಿಂದ ಹಬೆ ಏರಿಬಂದು ಕೋಣೆಗಳನ್ನು ಬೆಚ್ಚಗಿಡುತ್ತದೆ. ಪ್ರತಿ ರೇಡಿಯೇಟರಿನ ಪಕ್ಕದಲ್ಲೂ ಒಂದು ಚಿಕ್ಕ ಕವಾಟವಿದ್ದು, ಅದು ಒಳಗಿನ ಗಾಳಿಯನ್ನು ಹೊರಬಿಟ್ಟು, ಹಬೆ ತಲುಪಿದೊಡನೆ ಮುಚ್ಚಿಕೊಳ್ಳುತ್ತದೆ. ಬಾಯ್ಲರಿನ ಒತ್ತಡ ಅತಿಯಾದರೆ, ಅಥವಾ ಮುಖ್ಯ ಕೊಳವೆಯ ದೊಡ್ಡ ಕವಾಟ ಕಟ್ಟಿಕೊಂಡು ಗಾಳಿಯೆಲ್ಲ ಚಿಕ್ಕ ಕವಾಟಗಳಿಂದಲೇ ನುಗ್ಗಬೇಕಾದರೆ, ಅವು ಸಿಳ್ಳೆ ಹಾಕುತ್ತವೆ. ಒತ್ತಡವನ್ನು ಚದರ ಅಂಗುಲಕ್ಕೆ ಎರಡು ಪೌಂಡುಗಳೊಳಗೆ ಇಳಿಸಿ ಮುಖ್ಯ ಕವಾಟವನ್ನು ಸರಿಪಡಿಸಿದರೆ ಸಿಳ್ಳೆ ಬಹುಮಟ್ಟಿಗೆ ಅಡಗುತ್ತದೆ. ಅಲ್ಲಿ ಹಬೆ, ಇಲ್ಲಿ ತಂಗಾಳಿ. ಗಾಳಿಗೆ ಹೊರದಾರಿ ಸಿಗದಿದ್ದರೆ ಯಂತ್ರ ಕೂಗಿಕೊಳ್ಳುತ್ತದೆ ಎಂಬ ತತ್ತ್ವ ಎರಡೂ ಕಡೆ ಒಂದೇ.

ಆದ್ದರಿಂದ ಕೂಲರನ್ನು ಕಿಟಕಿಯ ಹೊರಗಿಟ್ಟು, ಅದಕ್ಕೆ ಎದುರಾದ ದಿಕ್ಕಿನಲ್ಲಿ ಕೂಲರಿನ ಬಾಯಿಯಷ್ಟಾದರೂ ಅಗಲದ ದಾರಿಯನ್ನು ತೆರೆದಿಡಬೇಕು. ಕಳ್ಳರ ಭಯವಿದ್ದಲ್ಲಿ ಸರಳುಗಳ ಕಿಟಕಿ, ಸೊಳ್ಳೆಯ ಭಯವಿದ್ದಲ್ಲಿ ಜಾಲರಿ ಸಾಕು.

ಸದ್ದುಗಳನ್ನು ಗುರುತಿಸುವ ಬಗೆ

ಯಾವುದೇ ಭಾಗವನ್ನು ಮುಟ್ಟುವ ಮೊದಲು ಪ್ಲಗ್ಗನ್ನು ಕಿತ್ತಿಡತಕ್ಕದ್ದು. ಸ್ವಿಚ್ಚನ್ನು ಆರಿಸಿದರೆ ಮಾತ್ರ ಸಾಲದು. ಅನಂತರ ಸದ್ದಿನ ಜಾತಿಯನ್ನು ಗಮನಿಸಬೇಕು.

ಡಬಡಬ ಎಂಬ ಸದ್ದು ತಗಡಿನದು. ಸಡಿಲಗೊಂಡ ತಿರುಪುಗಳನ್ನು ಬಿಗಿಗೊಳಿಸಿ, ಪೆಟ್ಟಿಗೆಯು ಕಿಟಕಿಯ ಸರಳಿಗೆ ತಗಲುವ ಕಡೆಯಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಇಡಬೇಕು. ಸ್ಟ್ಯಾಂಡಿನ ಕಾಲುಗಳು ಸಮನಾಗಿ ನೆಲಕ್ಕೆ ಊರಿರಬೇಕು. ಅವುಗಳ ಕೆಳಗೂ ರಬ್ಬರ್ ಇಡುವುದು ಒಳ್ಳೆಯದು. ಸರಳಿಗೆ ತಗಲಿದ ಕೂಲರ್ ಇಡೀ ಗೋಡೆಯನ್ನೇ ನಗಾರಿಯನ್ನಾಗಿ ಮಾಡಿ, ಪಕ್ಕದ ಮನೆಯವರ ನಿದ್ದೆಯನ್ನೂ ಕೆಡಿಸುತ್ತದೆ.

ಲಯಬದ್ಧವಾದ ಅದುರು ಫ್ಯಾನಿನ ರೆಕ್ಕೆಗಳದು. ಧೂಳು ಹಾಗೂ ಗಡಸು ನೀರಿನ ಬಿಳಿಯ ಹರಳು ಒಂದು ರೆಕ್ಕೆಗೆ ಹೆಚ್ಚಾಗಿ ಕಟ್ಟಿದರೆ ತೂಕ ತಪ್ಪುತ್ತದೆ. ರೆಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರಸಿ, ನಡುವಿನ ತಿರುಪನ್ನು ಬಿಗಿಮಾಡಬೇಕು. ಕಿರ್ರೆನ್ನುವ ಸದ್ದು ಬುಷ್ ಅಥವಾ ಬೇರಿಂಗಿನದು. ಬುಷ್ ಇದ್ದರೆ ಎರಡು ಹನಿ ಯಂತ್ರದ ಎಣ್ಣೆ ಸಾಕು, ಬೇರಿಂಗ್ ಸವೆದಿದ್ದರೆ ಬದಲಿಸಬೇಕು. ಮೋಟಾರು ಗುಂಯ್‌ಗುಡುತ್ತ ತಿರುಗಲು ತಡಮಾಡಿದರೆ ಕೆಪ್ಯಾಸಿಟರ್ ದುರ್ಬಲವಾಗಿರುವ ಸಂಭವ ಹೆಚ್ಚು. ಅದು ಎಲೆಕ್ಟ್ರಿಷಿಯನ್ನರ ಕೆಲಸ.

ಗೊಳಗೊಳ ಸದ್ದು ಪಂಪಿನದು. ನೀರು ಕಡಿಮೆಯಾಗಿ ಅದು ಗಾಳಿಯನ್ನು ಹೀರುತ್ತಿರುತ್ತದೆ. ಹೀಗೆಯೇ ಬಿಟ್ಟರೆ ಪಂಪು ಸುಟ್ಟುಹೋದೀತು. ನೀರು ತುಂಬಿ, ಪಂಪಿನ ಕೆಳಗೆ ರಬ್ಬರಿನ ತುಂಡನ್ನು ಇಡಬೇಕು. ಟಪಟಪ ಎಂಬ ಹನಿಯ ಸದ್ದು ಬಂದರೆ ಮೇಲಿನ ತೊಟ್ಟಿಯ ತೂತುಗಳು ಕಟ್ಟಿ ನೀರು ಒಂದೇ ಕಡೆ ಸುರಿಯುತ್ತಿದೆಯೆಂದು ತಿಳಿಯಬೇಕು. ತೂತುಗಳನ್ನು ಬಿಡಿಸಿದರೆ ನೀರು ಹುಲ್ಲಿನ ಮೇಲೆ ಸದ್ದಿಲ್ಲದೆ ಇಳಿಯುತ್ತದೆ. ಮಲಗುವ ಮುನ್ನ ತೊಟ್ಟಿಯನ್ನು ತುಂಬಿಸಿಟ್ಟರೆ ಹನಿ ಬೀಳುವ ಎತ್ತರವೂ ಕಡಿಮೆಯಾಗುತ್ತದೆ. ಬಿಟ್ಟು ಬಿಟ್ಟು ಬರುವ ಇಂತಹ ಸದ್ದುಗಳೇ ಒಂದೇ ಸಮನಾದ ಗಾಳಿಯ ಸದ್ದಿಗಿಂತ ನಿದ್ದೆಗೆ ಹೆಚ್ಚು ಮಾರಕ.

ಗಾಳಿಯ ಭೋರೆನ್ನುವ ಸದ್ದಿಗೆ ಮದ್ದು ವೇಗವನ್ನು ತಗ್ಗಿಸುವುದು. ಫ್ಯಾನಿನ ವೇಗವನ್ನು ಐದನೆಯ ಒಂದು ಭಾಗದಷ್ಟು ಇಳಿಸಿದರೆ ಗಾಳಿ ಕುಗ್ಗುವುದು ಅಷ್ಟೇ ಪ್ರಮಾಣದಲ್ಲಿ, ಆದರೆ ಸದ್ದು ಸುಮಾರು 5 ಡೆಸಿಬಲ್ ಇಳಿಯುತ್ತದೆ. ವೇಗ ಅರ್ಧವಾದರೆ ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಸಂಜೆ ಪೂರ್ಣ ವೇಗದಲ್ಲಿ ಕೋಣೆಯನ್ನು ತಂಪುಮಾಡಿ, ಮಲಗುವಾಗ ಕಡಿಮೆ ವೇಗಕ್ಕೆ ತಿರುಗಿಸುವುದು ಜಾಣತನ. ಧೂಳು ಮೆತ್ತಿದ ಹಳೆಯ ಹುಲ್ಲು ಗಾಳಿಯನ್ನು ತಡೆಯುವುದರಿಂದ ಬೇಸಿಗೆಯ ಆರಂಭದಲ್ಲಿ ಅದನ್ನು ಬದಲಿಸಬೇಕು.

ಎರಡು ಎಚ್ಚರಿಕೆಗಳು

ತಗಡು, ನೀರು, ವಿದ್ಯುತ್ತು ಈ ಮೂರೂ ಒಂದೆಡೆ ಸೇರಿರುವ ಯಂತ್ರವಿದು. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ಥಿಂಗ್ ಇಲ್ಲದ ಕೂಲರನ್ನು ಬಳಸಲೇಕೂಡದು. ವಿದ್ಯುತ್ ಸೋರಿದೊಡನೆ ಕಡಿತಗೊಳಿಸುವ 30 ಮಿಲಿಆಂಪಿಯರಿನ ಸ್ವಿಚ್ಚನ್ನು ಮನೆಗೆ ಹಾಕಿಸಿದರೆ ಇನ್ನೂ ಕ್ಷೇಮ. ಕೂಲರ್ ನಡೆಯುತ್ತಿರುವಾಗ ಮಕ್ಕಳು ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು.

ಎರಡನೆಯದು ಡೆಂಗೆ ಜ್ವರದ ಮಾತು. ಅದನ್ನು ಹರಡುವ ಈಡಿಸ್ ಸೊಳ್ಳೆಗೆ ಕೂಲರಿನ ತೊಟ್ಟಿ ಮೆಚ್ಚಿನ ತವರು. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನಗಳು ಸಾಕು. ಆದಕಾರಣ ವಾರಕ್ಕೊಮ್ಮೆ ನೀರನ್ನು ಪೂರ್ತಿ ಚೆಲ್ಲಿ, ತೊಟ್ಟಿಯ ಒಳಬದಿಯನ್ನು ತಿಕ್ಕಿ ತೊಳೆದು ಒಣಗಿಸಬೇಕು. ಅಂಚಿಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವಾದ್ದರಿಂದ ತಿಕ್ಕುವ ಕೆಲಸವನ್ನು ಬಿಡುವಂತಿಲ್ಲ. ಪಂಪು, ರೆಕ್ಕೆ, ತಿರುಪುಗಳನ್ನು ನೋಡಿಕೊಳ್ಳಲು ಅದೇ ದಿನ ಪ್ರಶಸ್ತವಾದುದು. ಜೂನ್ ತಿಂಗಳಲ್ಲಿ ಮಳೆ ಹಿಡಿದು ಗಾಳಿ ತೇವಗೊಂಡ ಮೇಲೆ ಪಂಪನ್ನು ನಿಲ್ಲಿಸಿ ಬರಿಯ ಫ್ಯಾನನ್ನು ನಡೆಸಿದರೆ ಸಾಕು.

ಒಂದು ತಿರುಪುಳಿ, ಹಳೆಯ ಟ್ಯೂಬಿನ ತುಂಡು, ಎರಡು ಹನಿ ಎಣ್ಣೆ, ವಾರಕ್ಕೆ ಒಂದು ಗಂಟೆಯ ಶ್ರಮ, ತೆರೆದ ಒಂದು ಕಿಟಕಿ. ಹೆಚ್ಚಿನ ಮನೆಗಳಲ್ಲಿ ಇಷ್ಟರಿಂದಲೇ ರಾತ್ರಿಯ ಶಾಂತಿ ಮರಳಿ ಬರುತ್ತದೆ. ಮನೆಯಲ್ಲಿ ವೃದ್ಧರೋ ಎಳೆಯ ಮಕ್ಕಳೋ ಇದ್ದರೆ ಈ ಕೆಲಸವನ್ನು ಯುಗಾದಿಯ ಹೊತ್ತಿಗೆ ಮುಗಿಸಿಡುವುದು ಲೇಸು.