ಬ್ರಹ್ಮಗಿರಿಯ ಮೇಲಿನ ಆಕಾಶಮಾರ್ಗ: ಅಂತರವೆಷ್ಟು, ಅವಧಿಯೆಷ್ಟು?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಅದರಲ್ಲಿನ 256 ಎಂಬ ಅಂಕಿಯನ್ನು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ವಿದ್ವಾಂಸರು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಪಯಣವನ್ನು ಹರದಾರಿಗಳಿಂದಲ್ಲದೆ ರಾತ್ರಿಗಳಿಂದ ಎಣಿಸುವ ಈ ಕ್ರಮ ವ್ಯಾಪಾರಿಗಳಿಗೂ ಅನ್ವಯಿಸತಕ್ಕದ್ದು.

ನಕ್ಷೆಯಲ್ಲಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 247 ಕಿ.ಮೀ. ಸೋಜಿಗದ ಸಂಗತಿಯೆಂದರೆ, ಆ ಗೆರೆ ಬ್ರಹ್ಮಗಿರಿಯ ಎರಡು ಮೂರು ಕಿ.ಮೀ. ಸಮೀಪದಲ್ಲಿಯೇ ಹಾದುಹೋಗುತ್ತದೆ. ಬೆಟ್ಟದಿಂದ ದೇವನಹಳ್ಳಿ ಸುಮಾರು 203 ಕಿ.ಮೀ., ವಿದ್ಯಾನಗರ 44 ಕಿ.ಮೀ. ವಿಮಾನಗಳು ಗೆರೆ ಹಿಡಿದಂತೆ ಹಾರುವುದಿಲ್ಲ, ನಿಯಂತ್ರಣ ಕೇಂದ್ರ ಸೂಚಿಸಿದ ದಾರಿ ಹಿಡಿಯುತ್ತವೆ ಎಂಬುದು ಬೇರೆ ಮಾತು.

ಉಡಾನ್ ಯೋಜನೆಯಡಿ 2017ರಲ್ಲಿ ವಿದ್ಯಾನಗರದಿಂದ ಬೆಂಗಳೂರು, ಹೈದರಾಬಾದುಗಳಿಗೆ ಸಂಚಾರ ಆರಂಭವಾಯಿತು. ಎಟಿಆರ್-72ರಂತಹ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ಲೆಕ್ಕದಲ್ಲಿ 247 ಕಿ.ಮೀ.ಗೆ ಅರ್ಧ ಗಂಟೆ ಸಾಕು. ಆದರೆ ವೇಳಾಪಟ್ಟಿಯಲ್ಲಿ ಇಂತಹ ಪಯಣಕ್ಕೆ ಒಂದು ಗಂಟೆಯಷ್ಟು ಕಾಣುವುದು ಸಹಜ. ವಿಮಾನ ತಂಗುದಾಣ ಬಿಟ್ಟ ಕ್ಷಣದಿಂದ ಇನ್ನೊಂದೆಡೆ ನಿಲ್ಲುವವರೆಗಿನ ಕಾಲವೆಲ್ಲ ಅದರಲ್ಲಿ ಸೇರಿರುತ್ತದೆ. ಏರುವಾಗ, ಇಳಿಯುವಾಗ ವೇಗವೂ ತಗ್ಗಿರುತ್ತದೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ತಯಾರಕರೊಬ್ಬರು ಬೆಂಗಳೂರಿನ ಚಿಕ್ಕಪೇಟೆಗೆ ಈ ಮಾರ್ಗವಾಗಿ ಹೊರಡುತ್ತಾರೆಂದು ಭಾವಿಸೋಣ. ಮೊದಲು ಉತ್ತರಕ್ಕೆ, ಅಂದರೆ ತದ್ವಿರುದ್ಧ ದಿಕ್ಕಿಗೆ, ಒಂದೂವರೆ ಗಂಟೆ ಕಾರಿನಲ್ಲಿ ಸಾಗಬೇಕು. ತಪಾಸಣೆಗೆ ಒಂದು ಗಂಟೆ, ವಿಮಾನಕ್ಕೆ ಒಂದು ಗಂಟೆ. ದೇವನಹಳ್ಳಿಯಲ್ಲಿಳಿದು ಪೇಟೆ ಸೇರಲು ಕನಿಷ್ಠ ಒಂದೂವರೆ ಗಂಟೆ. ಒಟ್ಟು ಐದು ಗಂಟೆ! ಬೆಳಗ್ಗೆ ಬಿಟ್ಟ ಊರಿನ ನೆತ್ತಿಯ ಮೇಲೆಯೇ ಹಾರಿಬಂದಂತಾಯಿತು. ಹಿರಿಯೂರು ಮಾರ್ಗವಾಗಿ ನೇರ ಕಾರಿನಲ್ಲಿ ಹೊರಟವರೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ತಲುಪುತ್ತಾರೆ, ಟಿಕೆಟ್ಟಿನ ಹಣ ಮಾತ್ರ ಉಳಿದಿರುತ್ತದೆ.

ದೆಹಲಿಯ ಖರೀದಿದಾರರನ್ನು ಕಾಣುವುದಾದರೆ ಲೆಕ್ಕ ತಿರುಗುತ್ತದೆ. ಬೆಂಗಳೂರಿನಿಂದ ಸುಮಾರು 1,700 ಕಿ.ಮೀ. ದೂರದ ಆ ಪಯಣಕ್ಕೆ ರೈಲಿನಲ್ಲಿ ಒಂದು ದಿನಕ್ಕೂ ಮೇಲೆ ಬೇಕು, ವಿಮಾನದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. 2008ರ ಮೇ ತಿಂಗಳಲ್ಲಿ ನಿಲ್ದಾಣ ದೇವನಹಳ್ಳಿಯಲ್ಲಿ ಆರಂಭವಾದದ್ದು ಚಳ್ಳಕೆರೆ ಕಡೆಯವರಿಗೆ ಅನುಕೂಲವೇ ಆಯಿತು. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೂಲಕ ಹೋದರೆ ನಗರದ ದಟ್ಟಣೆಯನ್ನು ಪ್ರವೇಶಿಸಬೇಕಿಲ್ಲ. ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸುವುದನ್ನು ಮರೆಯಬಾರದು. ವ್ಯಾಪಾರ ನಿಮಿತ್ತದ ಪ್ರಯಾಣದ ಮೇಲಿನ ತೆರಿಗೆಗೆ ಹೂಡುವಳಿ ಜಮೆ ದೊರೆಯುವುದು ಆ ನಮೂದಿನಿಂದಲೇ.

ಸರಕಿನ ವಿಷಯದಲ್ಲಿ ಆಕಾಶದ ಅಂತರ ಉಪಯೋಗಕ್ಕೆ ಬಾರದು. ಇ-ವೇ ಬಿಲ್ಲಿನ ಅವಧಿ ರಸ್ತೆಯ ದೂರವನ್ನು ಅವಲಂಬಿಸಿದೆ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನ. ಮೊಳಕಾಲ್ಮೂರಿನಿಂದ ಬೆಂಗಳೂರಿಗೆ ರಸ್ತೆ 200 ಕಿ.ಮೀ. ಮೀರುವುದರಿಂದ ಎರಡು ದಿನಗಳ ಅವಧಿ ಸಿಗುತ್ತದೆ. ಬಿಲ್ ಪಡೆದ ಮರುದಿನದ ಮಧ್ಯರಾತ್ರಿಗೆ ಮೊದಲ ದಿನ ಮುಗಿದಂತೆ ಎಣಿಕೆ. ಸೋಮವಾರ ಪಡೆದ ಬಿಲ್ಲು ಬುಧವಾರ ಮಧ್ಯರಾತ್ರಿಯವರೆಗೆ ಊರ್ಜಿತ.