ಅಂತ್ಯ ಕಾಣದ ಕಥೆ

ನಾಗಲಮಡಿಕೆಯಲ್ಲಿರುವ ನಮ್ಮ ಅಕ್ಕನವರ ಮನೆಗೆ ಹೋದವರು ಯಾರೇ ಆಗಲಿ, ಕುಶಲಪ್ರಶ್ನೆಗಳು ಮುಗಿದು ಕಾಫಿಯ ಲೋಟವನ್ನು ಕೆಳಗಿಟ್ಟ ಮೇಲೆ ಒಂದು ಪ್ರಶ್ನೆಯನ್ನು ಎದುರಿಸಬೇಕಾಗುವುದು: “ಅಲ್ಲಪ್ಪಾ, ಜಾನಕಿ ಕಥೆ ಮುಂದೇನಾಯಿತು, ನಿನಗೇನಾದರೂ ಗೊತ್ತೆ?” ಅರಿಯದವರು ಇದು ಯಾರೋ ನೆಂಟರ ಹುಡುಗಿಯ ಸಮಾಚಾರವಿರಬೇಕೆಂದು ಬಗೆದು, ‘ಅಯ್ಯೋ ಪಾಪ’ ಎಂದು ಮರುಕ ಸೂಚಿಸಿರುವುದೂ ಉಂಟು. ಜಾನಕಿಯು ನೆಂಟರವಳಲ್ಲ. ಶ್ರೀ ಟಿ. ಎನ್. ಸೀತಾರಾಮ್ ಅವರು ನಿರ್ದೇಶಿಸಿ, 2018ರಿಂದ ಕಲರ್ಸ್ ಸೂಪರ್ ವಾಹಿನಿಯಲ್ಲಿ ಪ್ರಸಾರವಾಗುತ್ತಿದ್ದ ‘ಮಗಳು ಜಾನಕಿ’ ಎಂಬ ಧಾರಾವಾಹಿಯ ನಾಯಿಕೆ ಅವಳು. 2020ನೆಯ ಇಸವಿಯಲ್ಲಿ ಕೊರೋನಾ ವ್ಯಾಧಿಯ ಕಾರಣ ಎಲ್ಲ ಚಿತ್ರೀಕರಣಗಳೂ ನಿಂತುವಷ್ಟೆ. ಬಳಿಕ ಬೇರೆ ಎಷ್ಟೋ ಧಾರಾವಾಹಿಗಳು ಮರಳಿ ಬಂದುವು, ಜಾನಕಿ ಬರಲಿಲ್ಲ. ಕಥೆ ನಡುದಾರಿಯಲ್ಲಿಯೇ ನಿಂತಿತು. ಅಕ್ಕನವರ ಪ್ರಶ್ನೆ ಮಾತ್ರ ನಿಂತಿಲ್ಲ.

ನಾವು ಶಾಲೆಯಲ್ಲಿ ಪಾಠ ಹೇಳಿಯೇ ಕೂದಲು ನರೆಸಿಕೊಂಡವರು. ರಘುವಂಶ, ಕಾದಂಬರಿಗಳ ಮಧ್ಯೆ ಬೆಳೆದ ನಮಗೆ ಈ ಧಾರಾವಾಹಿಗಳೆಂದರೆ ಬಹುಕಾಲ ಅಸಡ್ಡೆಯೇ ಇದ್ದಿತೆಂಬುದನ್ನು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುವುದು ಲೇಸು. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ವು ಪ್ರಸಾರವಾಗುತ್ತಿದ್ದಾಗ ಅಕ್ಕನವರ ಮನೆಯ ನಡುಮನೆಯು ನೆರೆಹೊರೆಯ ಹೆಂಗಸರಿಂದ ತುಂಬಿಹೋಗುತ್ತಿದ್ದಿತು. ನಮ್ಮದು ಆಂಧ್ರದ ಗಡಿಗೆ ತಾಗಿದ ಊರು. ಮಾಳಿಗೆಯ ಮೇಲಣ ಆಂಟೆನಾವನ್ನು ಒಂದು ಕಡೆಗೆ ತಿರುಗಿಸಿದರೆ ತೆಲುಗು, ಇನ್ನೊಂದು ಕಡೆಗೆ ತಿರುಗಿಸಿದರೆ ಕನ್ನಡ, ಗಾಳಿ ಬೀಸಿತೆಂದರೆ ಎರಡೂ ಇಲ್ಲ, ಬರಿಯ ಮಳೆ ಸುರಿದಂತೆ ಚುಕ್ಕೆಗಳು. ಮಳೆಯನ್ನೇ ಅಪರೂಪವಾಗಿ ಕಾಣುವ ಪಾವಗಡದ ಸೀಮೆಗೆ ಆ ಮಳೆಯೊಂದು ಧಾರಾಳವಾಗಿದ್ದಿತು. ಇದರ ಮೇಲೆ ಕರೆಂಟು ಹೋಗುವ ಕಾಟ. ಐದು ಕಂತಿನಲ್ಲಿ ಮೂರನ್ನು ಇಡಿಯಾಗಿ ನೋಡಿದರೆ ಅದೇ ಪುಣ್ಯ. ಉಳಿದುದನ್ನು ಮರುದಿನ ಬಾವಿಯ ಬಳಿ, ಬೇರೆ ಬೀದಿಯವರಿಂದ ಕೇಳಿ ತಿಳಿದುಕೊಳ್ಳುತ್ತಿದ್ದರು. ಈಗ ಇದೇ ಹೋಬಳಿಯ ತಿರುಮಣಿಯ ಸುತ್ತ 2,050 ಮೆಗಾವಾಟಿನ ಸೌರವಿದ್ಯುತ್ತಿನ ಸ್ಥಾವರವೆದ್ದಿರುವುದು. ಅಂದು ದೀಪಕ್ಕೂ ಗತಿಯಿಲ್ಲದಿದ್ದ ನೆಲದಿಂದ ನಾಡಿಗೆಲ್ಲ ವಿದ್ಯುತ್ತು ಹೋಗುವುದನ್ನು ಕಂಡಾಗ ನಗು ಬರುತ್ತದೆ.

ಆ ದಿನಗಳಲ್ಲಿ ನಾವು ಒಮ್ಮೆ, ಮಕ್ಕಳ ಪರೀಕ್ಷೆ ಹತ್ತಿರ ಬಂದಿತೆಂಬ ನೆಪದಿಂದ, ಕಂತಿನ ಮಧ್ಯದಲ್ಲಿಯೇ ಹೋಗಿ ಟೀವಿಯನ್ನು ಆರಿಸಿಬಿಟ್ಟೆವು. ಯಾರೂ ಏನೂ ಅನ್ನಲಿಲ್ಲ. ಹೆಂಗಸರು ಎದ್ದು ಹೊರಟುಹೋದರು. ಅಕ್ಕನವರು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ, ಮೂರನೆಯ ದಿನ ಅನ್ನ ಬಡಿಸುತ್ತ, “ನೀನು ಪುರಾಣ ಓದುವಾಗ ಯಾರಾದರೂ ಬಂದು ಪುಸ್ತಕ ಕಿತ್ತುಕೊಂಡರೆ ಸುಮ್ಮನಿರುತ್ತೀಯೇನೋ?” ಎಂದು ಕೇಳಿದರು. ಎರಡೂ ಒಂದೇ ಅಲ್ಲವೆಂದು ನಾವು ವಾದಿಸಿದೆವು. ಈಗ ಆ ವಾದದಲ್ಲಿ ನಮಗೆ ಅಷ್ಟು ನಂಬಿಕೆಯಿಲ್ಲ.

ಧಾರಾವಾಹಿಗಳಲ್ಲಿ ದೋಷಗಳಿಲ್ಲವೆಂದು ನಾವು ಹೇಳುತ್ತಿಲ್ಲ. ದಿನದಿನವೂ ಬರೆದು, ದಿನದಿನವೂ ಚಿತ್ರಿಸಿ ಒಪ್ಪಿಸಬೇಕಾದ ಕೃತಿಯು ಎಲ್ಲ ದಿನವೂ ಒಂದೇ ಹದದಲ್ಲಿ ಬರಲಾರದು. ಸೀತಾರಾಮ್ ಅವರ ಕೃತಿಗಳೇ ಸಾಕ್ಷಿ. ನ್ಯಾಯಾಲಯದ ದೃಶ್ಯವೊಂದು ಬಂದಿತೆಂದರೆ, ಅವರೇ ಸಿ. ಎಸ್. ಪಿ. ಎಂಬ ವಕೀಲರಾಗಿ ನಿಂತು ಪಾಟೀಸವಾಲು ಮಾಡುವಾಗ, ಕಿವಿ ನಿಮಿರುವುದು. ಆದರೆ ಇನ್ನೊಂದು ವಾರ ಒಬ್ಬರು ನಿಟ್ಟುಸಿರುಬಿಟ್ಟು ಮತ್ತೊಬ್ಬರು ಅದಕ್ಕೆ ಕಾರಣ ಕೇಳುವುದರಲ್ಲಿಯೇ ಕಳೆದುಹೋಗುವುದು. ಅಕ್ಕನವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. “ಈ ವಾರ ಸಪ್ಪೆ ಕಣೋ” ಎಂದು ಅವರೇ ಹೇಳಿ, ಆ ಸಪ್ಪೆಯ ಕಂತನ್ನೂ ಬಿಡದೆ ನೋಡುತ್ತಿದ್ದರು. ಏಕೆಂದು ಕೇಳಿದರೆ, “ಮನೆ ಮಗ ಒಂದು ದಿನ ಮಂಕಾಗಿ ಕೂತರೆ ಊಟಕ್ಕೆ ಕರೆಯೋದಿಲ್ಲವೆ?” ಎಂಬುದು ಉತ್ತರ. ಅಲಂಕಾರಶಾಸ್ತ್ರದಲ್ಲಿ ಸಹೃದಯನ ಲಕ್ಷಣವನ್ನು ಬಹಳ ಸೂಕ್ಷ್ಮವಾಗಿ ಹೇಳಿದ್ದಾರೆ. ಸಪ್ಪೆಯೆಂದು ಬಲ್ಲವಳಾಗಿಯೂ ಎದ್ದುಹೋಗದ ಸಹೃದಯಳ ಲಕ್ಷಣವನ್ನು ನಾವು ಅಲ್ಲಿ ಕಾಣಲಿಲ್ಲ.

‘ಮಗಳು ಜಾನಕಿ’ಯ ಕಾಲಕ್ಕೆ ನಡುಮನೆಯಲ್ಲಿ ಆ ಗುಂಪು ಉಳಿದಿರಲಿಲ್ಲ. ಮನೆಮನೆಗೂ ಟೀವಿ ಬಂದಿದ್ದಿತು. ನೋಡುತ್ತಿದ್ದವರು ಅಕ್ಕನವರು, ಭಾವನವರು, ಇಬ್ಬರೇ. ಭಾವನವರು ಒಂದು ಜಮೀನಿನ ವ್ಯಾಜ್ಯಕ್ಕಾಗಿ ಹದಿನಾಲ್ಕು ವರ್ಷ ಕೋರ್ಟು ಕಚೇರಿಗಳಿಗೆ ಅಲೆದು ಸವೆದವರು. ನ್ಯಾಯಾಲಯದ ದೃಶ್ಯ ಬಂದರೆ ಅವರು ನೆಟ್ಟಗೆ ಕುಳಿತುಕೊಳ್ಳುತ್ತಿದ್ದರು. ಕಥೆಯಲ್ಲಿ ಭಾರ್ಗಿಯೆಂಬ ಪ್ರಬಲನೊಬ್ಬನಿದ್ದನು. ಅಂಥವನನ್ನು ಯಾವ ಕಾನೂನೂ ಹಿಡಿಯಲಾರದೆಂದು ಭಾವನವರ ನಿಶ್ಚಯ. ಜಾನಕಿಯೂ ಸಿ. ಎಸ್. ಪಿ.ಯೂ ಸೇರಿ ಹಿಡಿದೇ ಹಿಡಿಯುವರೆಂದು ಅಕ್ಕನವರ ಪಟ್ಟು. ಇಬ್ಬರಿಗೂ ಪಂದ್ಯವಾಯಿತು. ಸುಬ್ರಹ್ಮಣ್ಯಕ್ಷೇತ್ರಗಳಲ್ಲಿ ಕುಕ್ಕೆಯು ಆದಿ, ಘಾಟಿಯು ಮಧ್ಯ, ನಮ್ಮ ನಾಗಲಮಡಿಕೆಯು ಅಂತ್ಯವೆಂದು ಪ್ರಸಿದ್ಧಿಯಷ್ಟೆ. ಉತ್ತರ ಪಿನಾಕಿನಿಯ ದಡದ ಈ ಅಂತ್ಯದಲ್ಲಿಯೇ ಬಾಳಿದ ಅಕ್ಕನವರು ಘಾಟಿಯನ್ನು ಕಂಡಿದ್ದರು, ಕುಕ್ಕೆಯನ್ನು ಕಂಡಿರಲಿಲ್ಲ. ತಾವು ಸೋತರೆ ಕುಕ್ಕೆಗೆ ಕರೆದೊಯ್ಯುವುದಾಗಿ ಭಾವನವರು ಮಾತು ಕೊಟ್ಟರು. ಗೆದ್ದರೆ ಏನೆಂಬುದನ್ನು ಅವರು ಹೇಳಲಿಲ್ಲವಂತೆ. 2019ರ ಕಾರ್ತಿಕಮಾಸದಲ್ಲಿ ಅವರು ತೀರಿಕೊಂಡರು. ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಅಕ್ಕನವರು ಮತ್ತೆ ಒಬ್ಬರೇ ಕುಳಿತು ಜಾನಕಿಯನ್ನು ನೋಡತೊಡಗಿದರು. ಊರಿನವರು ಕೆಲವರು ಆಡಿಕೊಂಡರು. ಆಡಿಕೊಂಡವರಲ್ಲಿ ನಾವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಕೆಲವು ತಿಂಗಳಿಗೆ ಕಥೆಯೂ ನಿಂತಿತು.

ಏಕೆ ನಿಂತಿತೆಂಬುದನ್ನು ಅಕ್ಕನವರಿಗೆ ತಿಳಿಸಲು ನಾವು ಪ್ರಯತ್ನಿಸಿದೆವು. ವಾಹಿನಿಯು ನಡೆಯುವುದು ಜಾಹೀರಾತಿನ ಹಣದಿಂದ. ವ್ಯಾಧಿಯ ಕಾಲದಲ್ಲಿ ಆ ಹಣ ಬತ್ತಿತು. ಯಾವ ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡುತ್ತಾರೆಂಬುದನ್ನು ಬಾರ್ಕ್ ಎಂಬ ಸಂಸ್ಥೆಯು ದೇಶದಲ್ಲಿ ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಯಂತ್ರವಿಟ್ಟು ಅಳೆದು ವಾರವಾರವೂ ಅಂಕಿಗಳನ್ನು ಕೊಡುವುದು. ಆ ಅಂಕಿಗಳ ಮೇಲೆ ಜಾಹೀರಾತು, ಅದರ ಮೇಲೆ ಧಾರಾವಾಹಿಯ ಆಯುಸ್ಸು. “ನಮ್ಮ ಮನೆಯಲ್ಲಿ ಆ ಯಂತ್ರ ಇದೆಯೋ?” ಎಂದರು ಅಕ್ಕನವರು. ಇಲ್ಲವೆಂದೆವು. “ಹಾಗಾದರೆ ನಾನು ನೋಡಿದ್ದು ಅವರಿಗೆ ಗೊತ್ತೇ ಇಲ್ಲ ಅನ್ನು.” ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೆರಡು ವರ್ಷಗಳ ನಿಷ್ಠೆಯು ಯಾವ ಲೆಕ್ಕದ ಪುಸ್ತಕಕ್ಕೂ ಹತ್ತಿರಲಿಲ್ಲ.

ಅಂದು ರಾತ್ರಿ ನಮಗೆ ನೆನಪಾದುದು ಬಾಣಭಟ್ಟನ ಮಗ. ಬಾಣನು ‘ಕಾದಂಬರಿ’ಯನ್ನು ಮುಗಿಸದೆಯೇ ಕಾಲವಾದನು; ಉತ್ತರಭಾಗವನ್ನು ಬರೆದವನು ಅವನ ಮಗ. ತಂದೆಯು ಸ್ವರ್ಗಸ್ಥನಾಗಲು ಅವನ ಮಾತಿನೊಡನೆ ಕಥೆಯೂ ಕಡಿದುಹೋಯಿತು. ಅದು ಮುಗಿಯಲಿಲ್ಲವೆಂದು ಸಜ್ಜನರು ಪಡುತ್ತಿರುವ ದುಃಖವನ್ನು ಕಂಡು ತಾನು ಇದಕ್ಕೆ ಕೈಹಾಕಿದೆನೇ ಹೊರತು ಕವಿಯೆಂಬ ದರ್ಪದಿಂದಲ್ಲ ಎಂದು ಅವನು ಆರಂಭದಲ್ಲಿ ಹೇಳಿಕೊಂಡಿದ್ದಾನೆ. ಆ ಶ್ಲೋಕವನ್ನು ನಾವು ಎಷ್ಟೋ ಸಲ ಓದಿದ್ದೆವು. ಅಲ್ಲಿ ಹೇಳಿರುವ ಸಜ್ಜನರ ದುಃಖವು ಕವಿಸಮಯದ ಒಂದು ಮರ್ಯಾದೆಯ ಮಾತೆಂದೇ ತಿಳಿದಿದ್ದೆವು. ಹಾಗಲ್ಲ. ಸಾವಿರದ ಮುನ್ನೂರು ವರ್ಷಗಳ ಹಿಂದೆಯೂ, ಮಹಾಶ್ವೇತೆ ಏನಾದಳು, ಚಂದ್ರಾಪೀಡನೇನಾದನು ಎಂದು ಬಂದವರನ್ನೆಲ್ಲ ಕೇಳುತ್ತಿದ್ದ ಮುದುಕಿಯರಿದ್ದಿರಬೇಕು.

ನಮ್ಮಲ್ಲಿಯೂ ಕುಮಾರವ್ಯಾಸನು ಹತ್ತೇ ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ಪೂರೈಸಿದುದು ದೊಡ್ಡ ಉಪಕಾರವೇ ಸರಿ. ಆದರೂ ಗಮಕಿಗಳು ಹಾಡುವುದೂ ಜನ ಕೇಳುವುದೂ ಹೆಚ್ಚಾಗಿ ಗದುಗಿನವನ ಹತ್ತನ್ನೇ. ಮಳೆ ಹೋದರೆ ಹಳ್ಳಿಗಳಲ್ಲಿ ವಿರಾಟಪರ್ವವೊಂದನ್ನೇ ಓದಿಸುವ ವಾಡಿಕೆಯುಂಟು; ಮುಂದಿನ ಯುದ್ಧವೇನಾಯಿತೆಂದು ಆಗ ಯಾರೂ ಕೇಳುವುದಿಲ್ಲ. ಆದುದರಿಂದ ಕಥೆ ಮುಗಿಯಲೇಬೇಕೆಂಬ ಹಟವೇ ಕೇಳುಗರ ನಿಷ್ಠೆಗೆ ಮೂಲವೆಂದು ನಮಗೆ ತೋರುವುದಿಲ್ಲ. ಭಾರತದ ಕೊನೆಯಾದರೋ ಎಲ್ಲರಿಗೂ ಗೊತ್ತಿರುವುದು. ಜಾನಕಿಯ ಕೊನೆಯನ್ನು ಬಲ್ಲವರು ಯಾರು?

ನಾವು ತಿಮ್ಮಣ್ಣಕವಿಯಾಗಲು ಹೊರಟುದನ್ನೂ ಇಲ್ಲಿ ಹೇಳಿಬಿಡುವೆವು. ಒಂದು ಸಂಜೆ ಅಕ್ಕನವರ ಜಗುಲಿಯಲ್ಲಿ ಕುಳಿತು, ಭಾರ್ಗಿಯು ಸಿಕ್ಕಿಬಿದ್ದು, ಸಿ. ಎಸ್. ಪಿ. ವಾದಿಸಿ, ಶಿಕ್ಷೆಯಾಗುವವರೆಗೆ ಕಥೆಯನ್ನು ಬೆಳೆಸಿ ಹೇಳಿದೆವು. ತಕ್ಕಮಟ್ಟಿಗೆ ರಸವತ್ತಾಗಿಯೇ ಬಂದಿತೆಂದು ನಮ್ಮ ಭಾವನೆ. ಅಕ್ಕನವರು ಅವರೆಕಾಯಿ ಬಿಡಿಸುತ್ತ ಕೊನೆಯವರೆಗೂ ಕೇಳಿ, “ಸೀತಾರಾಮು ಹಾಗೆ ಮಾಡೋದಿಲ್ಲ. ಅಷ್ಟು ಸಲೀಸಾಗಿ ಬಿಡೋ ಮನುಷ್ಯ ಅಲ್ಲ” ಎಂದುಬಿಟ್ಟರು. ವಿಮರ್ಶೆ ಅಷ್ಟೇ. ನಮಗೆ ಮರುಮಾತು ತೋಚಲಿಲ್ಲ.

2022ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ವು ಆರಂಭವಾದಾಗ ಅವರ ಸಂತೋಷವನ್ನು ನೋಡಬೇಕಾಗಿದ್ದಿತು. ಹಳೆಯ ಪಾತ್ರಧಾರಿಗಳಲ್ಲಿ ಹಲವರು ಇಪ್ಪತ್ತನಾಲ್ಕು ವರ್ಷಗಳ ಭಾರವನ್ನು ಹೊತ್ತು ಮರಳಿ ಬಂದಿದ್ದರು. ಪ್ರತಿಯೊಬ್ಬರ ಮುಖ ಕಂಡಾಗಲೂ ಅಕ್ಕನವರು ತವರಿನವರು ಬಂದಂತೆ, “ನೋಡೋ, ಇವಳಿಗೂ ಕೂದಲು ಬೆಳ್ಳಗಾಗಿದೆ” ಎನ್ನುತ್ತಿದ್ದರು. ನಾವೂ ಜೊತೆಯಲ್ಲಿ ಕುಳಿತು ನೋಡಿದೆವು. ಮೊದಮೊದಲು ಅವರಿಗಾಗಿ, ಬಳಿಕ, ಹೇಳಲು ನಾಚಿಕೆಯೇಕೆ, ನಮಗಾಗಿಯೇ. ಆದರೆ ಅದರ ನಡುವೆ ಜಾಹೀರಾತು ಬಂದಾಗಲೊಮ್ಮೆ ಅವರು ನಮ್ಮ ಕಡೆಗೆ ತಿರುಗಿ, “ಇದನ್ನೇ ಮತ್ತೆ ತಂದವರು ಅದನ್ನು ತರೋದಿಲ್ಲವೆ?” ಎನ್ನುವರು.

ಕಳೆದ ಸಲ ಪುಷ್ಯಮಾಸದ ಜಾತ್ರೆಗೆ ಹೋಗಿದ್ದಾಗ, ರಥೋತ್ಸವ ಮುಗಿದ ಮೇಲೆ, ನಾವು ಮೆಲ್ಲನೆ ಮಾತು ತೆಗೆದೆವು. ನಮಗೀಗ ಬಿಡುವಿದೆ, ಪಿಂಚಣಿ ಬರುತ್ತದೆ, ಮಗನ ಕಾರಿದೆ; ಬೇಸಗೆಗೆ ಮುಂಚೆ ಕುಕ್ಕೆಗೆ ಹೋಗಿಬರೋಣವೆಂದೆವು. ಅಕ್ಕನವರು ದೇವರ ಪ್ರಸಾದವನ್ನು ಬಾಳೆಯೆಲೆಯಲ್ಲಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

“ಈಗ ಬೇಡ ಕಣೋ. ಪಂದ್ಯ ಇನ್ನೂ ಮುಗಿದಿಲ್ಲ.”