ಬಿಚ್ಚಿ ತಂದು ಕಟ್ಟಿದ ಮನೆಗಳು

ಒಡೆದ ಹಡಗಿನ ಮರದಿಂದ ಮನೆ ಕಟ್ಟಿಕೊಂಡ ಕಡಲತಡಿಗಳು ಜಗತ್ತಿನಲ್ಲಿ ಹಲವಿವೆ. ಲಂಡನ್ನಿನ ಲಿಬರ್ಟಿ ಮಳಿಗೆಯ 1924ರ ಕಟ್ಟಡಕ್ಕೆ ಎರಡು ಹಳೆಯ ಯುದ್ಧನೌಕೆಗಳ ಮರ ಬಳಕೆಯಾಯಿತು. ಒಂದರ ಹೆಸರು ಹಿಂದೂಸ್ತಾನ್. ನಮ್ಮ ಕರಾವಳಿಯಲ್ಲಿ ಮುಳುಗಿದ್ದು ಹಡಗುಗಳಲ್ಲ, ಮನೆಗಳೇ. ಅವುಗಳ ಮರಮಟ್ಟನ್ನು ದಡ ಸೇರಿಸಿದವರು ಮಣಿಪಾಲದ ವಿಜಯನಾಥ ಶೆಣೈ.

1974ರ ಭೂಸುಧಾರಣೆಯಿಂದ ಉಳುವವನಿಗೆ ಹೊಲ ಸಿಕ್ಕಿತು. ಅದು ನ್ಯಾಯವೇ. ಆದರೆ ಗೇಣಿ ಅಕ್ಕಿಯನ್ನು ನಂಬಿ ನಿಂತಿದ್ದ ದೊಡ್ಡ ಮನೆಗಳಿಗೆ ಮಳೆಗಾಲದ ಮೊದಲು ಹಂಚು ಸರಿಮಾಡಿಸುವುದೂ ಭಾರವಾಯಿತು. ಆಸ್ತಿ ಪಾಲಾಯಿತು, ಮಕ್ಕಳು ಊರು ಬಿಟ್ಟರು, ಮನೆ ಕೆಡವಲಾಯಿತು. ಚಾವಡಿಯ ಕೆತ್ತನೆ ಕಂಬ, ಹಲಸಿನ ತೊಲೆ, ದಾರಂದ, ಮುಚ್ಚಿಗೆ ಎಲ್ಲವೂ ಮರದ ವ್ಯಾಪಾರಿಯ ಪಾಲು. ಒಡೆಯರ ದರ್ಪ ಹೋದುದಕ್ಕೆ ಮರುಗಬೇಕಿಲ್ಲ; ಜೊತೆಗೆ ಹೋದದ್ದು ಹೆಸರಿಲ್ಲದ ಆಚಾರಿಗಳ ಕೈಕೆಲಸ. ನನಗೆ ನೋವಾಗುವುದು ಅಲ್ಲಿ.

ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದ ಶೆಣೈ ಹೀಗೆ ಕೆಡವಿದ ಮನೆಗಳ ಭಾಗಗಳನ್ನು ಕೂಡಿಸಿ ಮೊದಲು ತಮ್ಮದೇ ಮನೆ ಕಟ್ಟಿದರು: ‘ಹಸ್ತಶಿಲ್ಪ’. ನೋಡಲು ಬರುವವರು ಹೆಚ್ಚಿ, ಕೊನೆಗೆ ಅದನ್ನು ನೋಡುಗರಿಗೇ ಬಿಟ್ಟುಕೊಟ್ಟರು. ಬಿಡಿ ಕಂಬ ಉಳಿಸಿದರೆ ಸಾಲದು, ಇಡೀ ಮನೆಯೇ ಉಳಿಯಬೇಕು ಎಂಬ ಹಟದಿಂದ ಮಣಿಪಾಲದಲ್ಲೇ ಸುಮಾರು 6 ಎಕರೆಯಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಎದ್ದಿತು. ಬೀಳಲಿದ್ದ ಮನೆಯ ನಕ್ಷೆ ತೆಗೆದು, ಬಿಡಿಭಾಗಗಳಿಗೆಲ್ಲ ಗುರುತು ಹಾಕಿ, ಜೋಪಾನವಾಗಿ ಬಿಚ್ಚಿ, ಲಾರಿಯಲ್ಲಿ ತಂದು, ಮತ್ತೆ ಅದೇ ಕ್ರಮದಲ್ಲಿ ಜೋಡಿಸುವ ಕೆಲಸ ಇದು. ಹಳೆಯ ಕೂಡುಗೆಯ ಲೆಕ್ಕ ಬಲ್ಲ ಬಡಗಿಗಳಿಲ್ಲದೆ ಆಗುವಂಥದ್ದಲ್ಲ.

ಮಿಯಾರಿನ ಮನೆ, ಹರ್ಕೂರಿನ ಒಳಗಿನ ಮನೆ, ಮಂಗಳೂರಿನ ಕ್ರೈಸ್ತರ ಮನೆ, ಭಟ್ಕಳದ ನವಾಯತರ ಮನೆ, ಜೊತೆಗೆ ಘಟ್ಟದಾಚೆಯ ಕುಕನೂರಿನ ಕಮಲ್ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಇಲ್ಲಿ ನೆರೆಹೊರೆ. ಜಾತಿ, ಮತ, ಸೀಮೆ ನೋಡದೆ ಕೆಲಸದ ಹದವನ್ನಷ್ಟೇ ನೋಡಿ ಆರಿಸಿದ್ದು ಶೆಣೈ ಅವರ ದೊಡ್ಡತನ. ನಾರ್ವೆ, ಫಿನ್ಲೆಂಡ್ ಸರ್ಕಾರಗಳೂ ನೆರವಾದವು. ಶೆಣೈ 2017ರಲ್ಲಿ ತೀರಿಕೊಂಡರು.

ಎಲ್ಲ ಮನೆಗಳನ್ನೂ ಮಣಿಪಾಲಕ್ಕೆ ಸಾಗಿಸಲಾಗದು. ನಿಮ್ಮ ಹಿರಿಯರ ಮನೆ ಕೆಡವಲೇಬೇಕಾದರೆ, ಮರದ ವ್ಯಾಪಾರಿಗೆ ಹೇಳುವ ಮೊದಲು ಅಳತೆ ಹಿಡಿಸಿ, ಫೋಟೊ ತೆಗೆಸಿ, ಊರಿನ ಹಳೆಯ ಆಚಾರಿಯೊಬ್ಬರನ್ನು ಕರೆದು ತೋರಿಸಿ.